ಅತ್ತೆಯ ಕೋಣೆಯಲ್ಲಿ ಬಿದ್ದ ನೀರು

ನಾನು ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಥೆಯೆಲ್ಲ ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಜಲಚಕ್ರದ ಚಿತ್ರವನ್ನು ನಾನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲೆ. ಕೆರೆ, ಸೂರ್ಯ, ಮೋಡ, ಮಳೆ, ನಡುವೆ ನಾಲ್ಕು ಬಾಣ. ವರ್ಷ ವರ್ಷವೂ ಅದೇ ಬಾಣ ಎಳೆದು ಮಕ್ಕಳಿಗೆ ಬೈದಿದ್ದೇನೆ, ‘ಇಷ್ಟು ಸುಲಭದ್ದು ತಲೆಗೆ ಹೋಗಲ್ವೇನ್ರೋ’ ಅಂತ.

ಆ ವರ್ಷ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿತ್ತು. ನೋಡದೇ ಇದ್ದವರು ಪಾಪಿಗಳು ಎಂಬಂತೆ ಜನ ಹಿರಿಯೂರಿನ ಬಸ್ಸು ಹತ್ತಿದರು. ನಾವೂ ಹೋಗಿ, ನೀರಿಗೆ ಕೈ ಮುಗಿದು, ಮೆಣಸಿನಕಾಯಿ ಬಜ್ಜಿ ತಿಂದು ಬಂದೆವು. ಬಂದು ನೋಡಿದರೆ ನಮ್ಮ ಮನೆಯ ಹಿಂದಿನ ಕೋಣೆಯೂ ಕೋಡಿ ಬೀಳುವ ಲಕ್ಷಣ ತೋರಿಸುತ್ತಿತ್ತು. ನೆಲದ ಸಂದಿಯಲ್ಲಿ ಪಸೆ, ಗೋಡೆಯ ಮೇಲೆ ಮೊಳಕಾಲೆತ್ತರ ತೇವ, ಅದರ ಮೇಲೆ ಕಪ್ಪು ಬೂಷ್ಟು. ನಮ್ಮ ಕಡೆ ಮನೆ ಕಟ್ಟುವವರು ಬಿಸಿಲಿಗೆ ಹೆದರಿ ಕಟ್ಟುತ್ತಾರೆಯೇ ಹೊರತು ಭೂಮಿಯೊಳಗಿಂದ ಜಲ ಎದ್ದು ಬರುತ್ತದೆ ಅಂತ ಯಾರು ಎಣಿಸುತ್ತಾರೆ?

ಆ ಕೋಣೆ ನಮ್ಮ ಅತ್ತೆಯವರದು. ಬಾಗೂರಿನ ಕಡೆಯ ಕುರಿ ಸಾಕುವ ಮನೆತನದಲ್ಲಿ ಹುಟ್ಟಿದವರು, ಬಯಲಿನಲ್ಲಿ ಕುರಿಮಂದೆಯ ಜೊತೆ ಮಲಗಿ ಎದ್ದವರು. ಆಗ ಬಾರದ ದಮ್ಮು ನಮ್ಮ ಆರ್‌ಸಿಸಿ ಮನೆಯಲ್ಲಿ ಬಂತು. ಕೆಮ್ಮಲು ಶುರು ಮಾಡಿದರೆ ಅರ್ಧ ಗಂಟೆ ನಿಲ್ಲುತ್ತಿರಲಿಲ್ಲ. ಚಿತ್ರದುರ್ಗದ ಡಾಕ್ಟರರು ಎದೆಗೆ ಸ್ಟೆಥಸ್ಕೋಪ್ ಇಟ್ಟು, ಕೋಣೆಯ ಕಥೆ ಕೇಳಿ, ಒಂದೇ ಮಾತು ಹೇಳಿದರು. ‘ಒಂದೋ ಕೋಣೆ ಒಣಗಬೇಕು, ಇಲ್ಲ ಇವರು ಜಾಗ ಬದಲಾಯಿಸಬೇಕು.’

ಜಾಗ ಅಂದರೆ ಶ್ರೀರಾಂಪುರ. ಅಲ್ಲಿ ನಮ್ಮ ನಾದಿನಿ, ಅಂದರೆ ಅತ್ತೆಯ ಮಗಳು, ಇದ್ದಾಳೆ. ‘ಕಳಿಸ್ಬಿಡ್ರಿ ಅತ್ಗೆ, ನಾನು ನೋಡ್ಕಳ್ತೀನಿ’ ಅಂತ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನಮ್ಮ ಮನೆಯ ಮುಂದಿನ ಹಾಲ್‌ಗೆ ರೋಡಿನ ಧೂಳೆಲ್ಲ ನುಗ್ಗುವುದರಿಂದ ಅಲ್ಲಿ ಮಲಗಿಸುವಂತಿರಲಿಲ್ಲ. ಅತ್ತೆ ಮಾತ್ರ, ‘ಮಗಳ ಮನೇಲಿ ತಾಯಿ ನೆಂಟ್ರು ಕಣಮ್ಮ’ ಎಂದು ಕಂಬಳಿ ಎಳೆದುಕೊಂಡರು.

ನನಗೂ ಅವರನ್ನು ಕಳಿಸಲು ಮನಸ್ಸಿರಲಿಲ್ಲ. ನಮ್ಮ ಯಜಮಾನರದು ಚಿತ್ರದುರ್ಗದ ಆಫೀಸಿನಲ್ಲಿ ಕೆಲಸ, ಶನಿವಾರ ಸಂಜೆ ಬಂದರೆ ಸೋಮವಾರ ಬೆಳಗ್ಗೆ ಹೊರಡುತ್ತಾರೆ. ಮಗಳು ಅಲ್ಲೇ ಹಾಸ್ಟೆಲ್‌ನಲ್ಲಿ. ವಾರವಿಡೀ ಮನೆಯಲ್ಲಿ ಇರುವವರು ನಾವಿಬ್ಬರೇ. ಹದಿನೆಂಟು ವರ್ಷ ಸಾರಿಗೆ ಹುಳಿ ಹೆಚ್ಚಾಯಿತು, ಕಡಿಮೆಯಾಯಿತು ಅಂತ ಜಗಳವಾಡಿದ್ದೇವೆ. ಜಗಳವಾಡಲು ಅವರಿಲ್ಲದ ಮನೆಯನ್ನು ನೆನೆದರೆ ನನಗೆ ಭಯವಾಗುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಬದಲು, ‘ವಿಜ್ಞಾನದಲ್ಲಿ ಇದಕ್ಕೆ ಪರಿಹಾರ ಐತೆ ಅತ್ತೆ’ ಎಂದೆ.

ಪರಿಹಾರದ ಹೆಸರು ಡಿಹ್ಯೂಮಿಡಿಫೈಯರ್. ಗಾಳಿಯಲ್ಲಿರುವ ತೇವವನ್ನು ಎಳೆದುಕೊಂಡು ನೀರು ಮಾಡಿ ತನ್ನ ಹೊಟ್ಟೆಯ ಡಬ್ಬಿಗೆ ತುಂಬಿಕೊಳ್ಳುವ ಯಂತ್ರ. ಅತ್ತೆ ಅದಕ್ಕೆ ‘ನೀರ್ ಹೀರೋ ಮಿಷನ್’ ಎಂದು ಹೆಸರಿಟ್ಟರು. ನಮ್ಮ ಯಜಮಾನರು ಅದನ್ನು ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಬಸ್ಸಿನಲ್ಲಿ ತಂದರು. ಡಬ್ಬದ ಮೇಲೆ ಬಾಣ ಹಾಕಿ ‘ಈ ಕಡೆ ಮೇಲೆ’ ಎಂದು ಬರೆದಿತ್ತು. ಬಸ್ಸಿನಲ್ಲಿ ಜಾಗವಿಲ್ಲದೆ ಮಲಗಿಸಿ ತಂದಿದ್ದರು. ಹೊಳಲ್ಕೆರೆಯಲ್ಲಿ ಹತ್ತಿದ ಒಬ್ಬ ಹೆಂಗಸು ಅದನ್ನು ಸೀಟು ಎಂದುಕೊಂಡು ಹೊಸದುರ್ಗದವರೆಗೂ ಆರಾಮಾಗಿ ಕೂತು ಬಂದರಂತೆ.

ಮಲಗಿಸಿ ತಂದ ಯಂತ್ರವನ್ನು ನೆಟ್ಟಗೆ ನಿಲ್ಲಿಸಿ ಅರ್ಧ ದಿನವಾದರೂ ಬಿಡಬೇಕು, ಒಳಗಿನ ಎಣ್ಣೆ ತನ್ನ ಜಾಗಕ್ಕೆ ಇಳಿಯಬೇಕು ಎಂದು ಮ್ಯಾನುಯಲ್‌ನ ಎರಡನೇ ಪುಟದಲ್ಲೇ ಬರೆದಿದೆ. ನಾನು ಎರಡನೇ ಪುಟ ಓದಿದ್ದು ಎರಡು ತಿಂಗಳ ಮೇಲೆ. ವಿಜ್ಞಾನದ ಟೀಚರಿಗೆ ಮ್ಯಾನುಯಲ್ ಯಾಕೆ? ತಂದ ಹತ್ತೇ ನಿಮಿಷಕ್ಕೆ ಗೋಡೆಗೆ ಒತ್ತರಿಸಿ ಇಟ್ಟೆ. ಪ್ಲಗ್ ಪಾಯಿಂಟ್ ದೂರವಿತ್ತು. ಮೊಬೈಲ್ ಚಾರ್ಜ್ ಮಾಡುವ ಹಳೆಯ ಎಕ್ಸ್‌ಟೆನ್ಷನ್ ಬಾಕ್ಸ್ ತಂದು, ಅದರ ವೈರನ್ನು ತೇವದ ನೆಲದ ಮೇಲೇ ಹಾಯಿಸಿ, ಸ್ವಿಚ್ ಹಾಕಿದೆ. ಧೂಳು ಕೂರದಿರಲಿ ಎಂದು ಮೇಲೆ ಕಸೂತಿ ಹಾಕಿದ ಕವರ್ ಹೊದಿಸಿದೆ. ನಮ್ಮ ಮನೆಯಲ್ಲಿ ಟಿವಿ, ಮಿಕ್ಸಿ, ಫ್ರಿಜ್ ಎಲ್ಲಕ್ಕೂ ಕವರ್ ಉಂಟು. ಹೊಸದೊಂದು ಬರಿಮೈಯಲ್ಲಿ ಇರುವುದು ಮರ್ಯಾದೆಯಲ್ಲ.

ನಾಲ್ಕನೇ ದಿನ ಸಂಜೆ ಸ್ಕೂಲಿಂದ ಬಂದಾಗ ಕೋಣೆಯಲ್ಲಿ ಕರಕಲು ವಾಸನೆ. ಎಕ್ಸ್‌ಟೆನ್ಷನ್ ಬಾಕ್ಸಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕರಗಿ ಹರಿದಿತ್ತು. ಅತ್ತೆ ಮುಟ್ಟದೆ, ಮೇನ್ ಸ್ವಿಚ್ ಇಳಿಸಿ, ಹೊರಗೆ ಕೂತಿದ್ದರು. ಓದಿದವಳು ನಾನು, ಬುದ್ಧಿ ಅವರದು. ಅವರಿಗೆ ಏನಾದರೂ ಆಗಿದ್ದರೆ ಎಂದು ನೆನೆದು, ಬ್ಯಾಗು ಕೆಳಗಿಡುವ ಮೊದಲೇ ವೈರಿಂಗ್‌ನವರಿಗೆ ಫೋನ್ ಮಾಡಿದೆ.

ವೈರಿಂಗ್ ಮಾಡುವವರು ಬಂದು ಕವರ್ ಎತ್ತಿ ನೋಡಿದರು, ಬಾಕ್ಸ್ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ‘ಮೇಡಂ, ನೀವು ಸೈನ್ಸ್ ಟೀಚರ್ ಅಲ್ವೇನ್ರಿ?’

‘ಹೌದು’ ಎಂದೆ. ಏನು ಮಾಡುವುದು, ಸುಳ್ಳು ಹೇಳುವ ಹಾಗಿಲ್ಲ, ಅವರ ಮಗ ನನ್ನ ಕ್ಲಾಸಿನಲ್ಲೇ ಇದ್ದಾನೆ.

ಅವರು ಗೋಡೆಗೆ ಅರ್ತಿಂಗ್ ಇರುವ ಮೂರು ತೂತಿನ ಬೇರೆಯದೇ ಪಾಯಿಂಟ್ ಕೊಟ್ಟರು. ‘ನೇರ ಇದಕ್ಕೇ ಹಾಕ್ರಿ, ಬಾಕ್ಸ್‌ಗೀಕ್ಸ್ ಬ್ಯಾಡ. ಗೋಡೆಯಿಂದ ಒಂದು ಮೊಳ ಈಚೆಗಿಡ್ರಿ, ಅದೂ ಉಸಿರಾಡ್ಬೇಕಲ್ರಿ. ನೀರಿನ ಡಬ್ಬಿ ತೆಗೆಯೋಕೆ ಮುಂಚೆ ಪ್ಲಗ್ ಕಿತ್ತಾಕ್ರಿ. ಈ ಬಟ್ಟೆ ಮಾತ್ರ ಮತ್ತೆ ಹೊದಿಸಬ್ಯಾಡ್ರಿ, ಅದೇನು ಬಾಣಂತಿ ಅಲ್ಲ.’ ನಾನು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ತಲೆಯಾಡಿಸಿದೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಬೆಂಕಿಯ ಗಂಡಾಂತರ ಹೋಯಿತು, ನೀರಿನದು ಶುರುವಾಯಿತು.

ಮೊದಲ ಸಲ ಡಬ್ಬಿ ತುಂಬಿದಾಗ ನನಗಾದ ಸಂತೋಷವನ್ನು ಬೇರೆ ಸೀಮೆಯವರಿಗೆ ವಿವರಿಸುವುದು ಕಷ್ಟ. ಬೋರ್ ಕೊರೆಯುವ ಲಾರಿಯ ಸುತ್ತ ನಿಂತು, ಬರೀ ಬಿಳಿ ಧೂಳು ಹಾರುವುದನ್ನು ನೋಡಿ ಬೆಳೆದವಳು ನಾನು. ಈಗ ಬರಿಗಾಳಿಯಿಂದ, ಅದೂ ಮನೆಯೊಳಗೆ, ನೀರು! ಸ್ಟಾಫ್ ರೂಮಿನಲ್ಲಿ ಹೇಳಿದೆ. ಯಾರೂ ಅತ್ತೆಯ ಕೆಮ್ಮಿನ ಬಗ್ಗೆ ಕೇಳಲಿಲ್ಲ. ಬೋರ್ ಕೊರೆಸಿದವರನ್ನು ಕೇಳುವ ಹಾಗೆ ಎಲ್ಲರದೂ ಒಂದೇ ಪ್ರಶ್ನೆ, ‘ಎಷ್ಟು ಇಂಚು ಬಿತ್ತು?’ ಕನ್ನಡದ ಮೇಷ್ಟ್ರು, ‘ನೆಲದ ನೀರು ನೋಡಿ ಪಾಯಿಂಟ್ ಮಾಡಿದೋರು ಯಾರ್ರಿ, ತೆಂಗಿನಕಾಯಿ ಇಟ್ಟೋರಾ, ಬೇವಿನ ಕಡ್ಡಿಯೋರಾ?’ ಎಂದರು. ನಾನು ನಗುತ್ತಲೇ ಬೀಗಿದೆ. ಅಲ್ಪನಿಗೆ ಐಶ್ವರ್ಯ ಬಂದ ಕಥೆ. ದಿನಾ ಎಷ್ಟು ಡಬ್ಬಿ ಬಂತು ಎಂದು ಹೇಳದಿದ್ದರೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ.

ನೀರು ಹೆಚ್ಚು ಬರಲಿ ಎಂದು ಕಿಟಕಿ ತೆಗೆದಿಟ್ಟೆ. ಹೊರಗೆ ಜಡಿಮಳೆಯ ಗಾಳಿ. ಒಂದು ಡಬ್ಬಿ ಬರುತ್ತಿದ್ದಲ್ಲಿ ಎರಡಾಯಿತು, ಮೂರಾಯಿತು. ಅತ್ತೆ ಒಂದು ಚಮಚ ಬಾಯಿಗೆ ಹಾಕಿಕೊಂಡು, ‘ಥೂ, ಇದು ನೀರಲ್ಲ, ನೀರಿನ ಹೆಣ’ ಎಂದು ಉಗುಳಿದರು. ಕುಡಿಯುವ ನೀರಲ್ಲ ಅದು, ಒಳಗಿನ ತಗಡಿನ ಧೂಳೆಲ್ಲ ತೊಳೆದುಕೊಂಡು ಬಂದಿರುತ್ತದೆ ಎಂದು ನಾನು ಪಾಠ ಮಾಡಿದೆ. ಕುಡಿಯುವುದು ಬೇಡ, ಸರಿ. ಹಾಗಂತ ಚೆಲ್ಲುವುದೇ? ನಮ್ಮ ಬೀದಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಹಿಂಡಿದ ನೀರು ಬಚ್ಚಲಿಗೆ. ಕೆರೆಕಟ್ಟೆ ತುಂಬಿ ಹರಿದರೂ ನಮ್ಮ ಕೈಗೆ ನೀರು ಚೆಲ್ಲಿ ಅಭ್ಯಾಸವಿಲ್ಲ.

ಹಾಗಾಗಿ ಅದೇ ಕೋಣೆಯಲ್ಲಿ, ಮಿಷನ್ನಿನ ಎದುರಿಗೇ, ಎರಡು ಅಗಲವಾದ ಟಬ್ ಇಟ್ಟು ಅದಕ್ಕೆ ಸುರಿಯತೊಡಗಿದೆ. ಅವು ತುಂಬಿದವು. ಪಕ್ಕದಲ್ಲಿ ಒಂದು ಹಂಡೆ ಇಟ್ಟೆ. ಬೆಳಗ್ಗೆ ಎದ್ದು ಅದೇ ನೀರಿನಲ್ಲಿ ಅತ್ತೆಯ ಕೋಣೆಯ ನೆಲವನ್ನು ಚೆನ್ನಾಗಿ ಒರೆಸುತ್ತಿದ್ದೆ. ಮಿಷನ್ನಿನ ಬೆಚ್ಚನೆಯ ಗಾಳಿ ಟಬ್ಬಿನ ಮೇಲೆ ಹಾಯುತ್ತಿತ್ತು. ಮಿಷನ್ನಿನ ಮುಖದ ಮೇಲೆ ತೇವದ ಅಂಕಿ ಎಪ್ಪತ್ತೆಂಟರಿಂದ ಇಳಿಯುತ್ತಲೇ ಇರಲಿಲ್ಲ. ನಾನು ಅದನ್ನು ನೋಡುತ್ತಲೂ ಇರಲಿಲ್ಲ, ಡಬ್ಬಿ ಎಣಿಸುತ್ತಿದ್ದೆ.

ಇಷ್ಟರಲ್ಲಿ ಅತ್ತೆಯ ಕೆಮ್ಮು ನಿಂತಿತು. ನಾನು ಮನೆಯಲ್ಲಿದ್ದಾಗ ಒಮ್ಮೆಯೂ ಕೇಳಲಿಲ್ಲ. ನಾದಿನಿಗೆ ಫೋನ್ ಮಾಡಿ, ‘ನೋಡಮ್ಮ, ಕೆಮ್ಮು ಮಾಯ! ಶ್ರೀರಾಂಪುರದ ಮಾತು ಇನ್ನು ಬಿಡು’ ಎಂದೆ. ನಮ್ಮ ಯಜಮಾನರಿಗೂ ಅದನ್ನೇ ಹೇಳಿದೆ.

ಒಂದು ಶನಿವಾರ ಸ್ಕೂಲು ಬೇಗ ಬಿಟ್ಟಿತು. ಬೀದಿಯ ತಿರುವಿಗೆ ಬಂದಾಗಲೇ ಕೆಮ್ಮು ಕೇಳಿಸಿತು. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಬೇವಿನ ಮರದ ಕಟ್ಟೆಯ ಮೇಲೆ, ತುಂತುರು ಮಳೆಯಲ್ಲಿ, ತಲೆಯ ಮೇಲೆ ಕರಿ ಕಂಬಳಿ ಕೊಪ್ಪೆ ಹಾಕಿಕೊಂಡು ಅತ್ತೆ ಕೂತಿದ್ದರು. ಸೆರಗನ್ನು ಬಾಯಿಗೆ ತುರುಕಿಕೊಂಡು, ಇಡೀ ಮೈ ಅಲುಗುವ ಹಾಗೆ ಕೆಮ್ಮುತ್ತಿದ್ದರು. ಎದುರು ಮನೆಯಾಕೆ, ‘ದಿನಾ ಇಲ್ಲೇ ಬಂದು ಕೆಮ್ಕಂಡು ಹೋಗ್ತಾರೆ, ನಿಮ್ಗೆ ಗೊತ್ತಿಲ್ವೇನ್ರಿ ಮೇಡಂ?’ ಎಂದಳು.

ನಾನು ಕಟ್ಟೆಯ ಮೇಲೆ ಅವರ ಪಕ್ಕ ಕೂತೆ. ಕೆಮ್ಮು ನಿಲ್ಲುವವರೆಗೆ ಬೆನ್ನು ನೀವಿದೆ.

‘ಯಾಕತ್ತೆ ಹೇಳ್ಲಿಲ್ಲ?’

‘ಏನಂತ ಹೇಳ್ಲಿ? ಕೆಮ್ಮು ಕೇಳಿದ್ರೆ ನೀವು ನನ್ನ ಶ್ರೀರಾಂಪುರದ ಬಸ್ಸು ಹತ್ತಿಸ್ತೀರಿ.’

ಜಾರಿದ ಕಂಬಳಿಯನ್ನು ಅವರ ತಲೆಯ ಮೇಲೆ ಎಳೆದೆ. ಅವರೇ ಮುಂದುವರಿಸಿದರು. ‘ನಿನ್ನ ಮಿಷನ್ನು ಗೋಡೆ ನೀರು ಹೀರಲ್ಲ ಕಣಮ್ಮ. ಟಬ್ಬಿನ ನೀರು ಸಂಜಿಗೆ ಎರಡು ಬೆರಳು ಕಮ್ಮಿ ಇರ್ತೈತೆ. ಯಾರು ಕುಡಿದ್ರು? ಅದೇ ಕುಡಿತೈತೆ. ಡಬ್ಬಿಗೆ ಬಿಡ್ತೈತೆ. ನೀನು ತಂದು ಮತ್ತೆ ಟಬ್ಬಿಗೆ ಸುರೀತಿ. ಮತ್ತೆ ಕುಡಿತೈತೆ.’

ಜಲಚಕ್ರ! ಕೆರೆಯ ಜಾಗದಲ್ಲಿ ಟಬ್, ಸೂರ್ಯನ ಜಾಗದಲ್ಲಿ ಮಿಷನ್, ನಾಲ್ಕೂ ಬಾಣ ಸರಿಯಾಗಿ ಇದ್ದವು. ಎರಡು ತಿಂಗಳು ನಾನು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ್ದೆ, ಕರೆಂಟು ಸುಟ್ಟುಕೊಂಡು. ಆ ಹೊಳೆಯ ನಡುವೆ ಅತ್ತೆಯನ್ನು ಮಲಗಿಸಿದ್ದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

‘ಗೊತ್ತಿದ್ದೂ ಸುಮ್ನಿದ್ರಲ್ಲ. ನೀರು ಚೆಲ್ಲು ಅಂತ ಒಂದು ಮಾತು ಹೇಳೋಕೇನಾಗಿತ್ತು?’

ಅತ್ತೆ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ‘ಎರಡು ಮೈಲಿ ನೀರು ಹೊತ್ತಾಕಿ ಕಣೇ ನಾನು. ನೀರು ಚೆಲ್ಲು ಅಂತ ಈ ಬಾಯಿಂದ ಹೆಂಗೆ ಹೇಳ್ಲಿ?’

ಆ ಸಂಜೆ ನಮ್ಮ ಯಜಮಾನರು ಬಂದಾಗ ನಾವಿಬ್ಬರೂ ಒಂದೊಂದು ಕೈ ಹಿಡಿದು ಟಬ್ ಹೊರಗೆ ಸಾಗಿಸುತ್ತಿದ್ದೆವು. ಎರಡು ಟಬ್ಬು ಹಿತ್ತಲ ಕರಿಬೇವಿಗೆ, ಹಂಡೆಯದು ಪಕ್ಕದ ಮನೆಯ ದಾಸವಾಳಕ್ಕೆ. ಮಳೆಯಲ್ಲೇ ತೊಯ್ದು ನಿಂತ ಗಿಡಕ್ಕೆ ಅತ್ತೆ-ಸೊಸೆ ನೀರು ಹಾಕುವುದನ್ನು ಕಂಡು ಅವರು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಅತ್ತೆ ಚೆಲ್ಲುವ ಮೊದಲು ಪ್ರತಿ ಸಲವೂ ನೀರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಆಮೇಲೆ ಮ್ಯಾನುಯಲ್ ಓದಿದೆ, ಮೊದಲ ಪುಟದಿಂದ, ಪೆನ್ಸಿಲ್ ಹಿಡಿದು. ಕಿಟಕಿ ಬಾಗಿಲು ಮುಚ್ಚಿರಬೇಕು ಎಂದು ಬರೆದಿದ್ದರು. ಕಿಟಕಿ ಮುಚ್ಚಿದೆ. ಹಿಂದಿನ ಜಾಲರಿಯನ್ನು ತೊಳೆದು ಒಣಗಿಸಿ ಹಾಕಬೇಕು ಎಂದಿತ್ತು. ತೆಗೆದರೆ ಅದರ ತುಂಬ ಅತ್ತೆಯ ಕಂಬಳಿಯ ಉಣ್ಣೆ. ತೊಳೆದೆ. ಒಣ ಬಟ್ಟೆಯಲ್ಲೇ ನೆಲ ಒರೆಸಿದೆ, ಗೋಡೆಯ ಬೂಷ್ಟು ಕೆರೆಸಿದೆ. ಡಬ್ಬಿ ತುಂಬಿದೊಡನೆ, ಪ್ಲಗ್ ಕಿತ್ತು, ಹೊರಗೆ. ಅಂಕಿ ಎಪ್ಪತ್ತಕ್ಕೆ ಇಳಿಯಿತು, ವಾರ ಬಿಟ್ಟು ಅರವತ್ತಕ್ಕೆ, ಕೊನೆಗೆ ಐವತ್ತರ ಆಸುಪಾಸಿಗೆ. ನೀರು ದಿನೇ ದಿನೇ ಕಡಿಮೆಯಾಯಿತು. ಸ್ಟಾಫ್ ರೂಮಿನಲ್ಲಿ, ‘ಬೋರ್ ಫೇಲಾಯ್ತೇನ್ರಿ?’ ಎಂದು ಮರುಗಿದರು. ಹೌದು ಎಂದೆ.

ಅತ್ತೆಯ ಕೆಮ್ಮು ಪೂರಾ ಹೋಗಿಲ್ಲ. ಮುಕ್ಕಾಲು ಪಾಲು ಇಳಿದಿದೆ. ಮೋಡ ಕವಿದ ದಿನ ಒಂದೆರಡು ಸಲ ಬರುತ್ತದೆ. ಈಗ ಬೇವಿನ ಕಟ್ಟೆಗೆ ಹೋಗುವುದಿಲ್ಲ, ಕೋಣೆಯಲ್ಲೇ, ನನ್ನ ಎದುರಿಗೇ, ಮನೆಯೆಲ್ಲ ಕೇಳುವ ಹಾಗೆ ಕೆಮ್ಮುತ್ತಾರೆ. ಕೆಮ್ಮಿ ಒಂದು ಗಳಿಗೆ ನನ್ನ ಮುಖ ನೋಡುತ್ತಾರೆ. ನಾನು ‘ಸಾರಿಗೆ ಹುಳಿ ಸಾಕೇನ್ರಿ ಅತ್ತೆ?’ ಎಂದು ಕೇಳುತ್ತೇನೆ. ಶ್ರೀರಾಂಪುರದ ಬಸ್ಸಿನ ಮಾತು ಎತ್ತುವುದಿಲ್ಲ.