ದಮ್ಮಡಿಯ ಮೇಲಿನ ಮಗ್ಗಿ

ಯಲಬುರ್ಗಾ ಕಡೆಯ ನಮ್ಮ ಪ್ರಾಥಮಿಕ ಶಾಲೆಯ ಮಾಸ್ತರರು ದಮ್ಮಡಿ ಬಾರಿಸುತ್ತ ಮಗ್ಗಿ ಹಾಡಿಸುತ್ತಿದ್ದರು. ಯಾರಾದರೂ ನಡುವೆ ತಡವರಿಸಿದರೆ ಬೈಯುತ್ತಿರಲಿಲ್ಲ. "ತಾಳ ಬಿಡಬ್ಯಾಡವ್ವಾ, ಲೆಕ್ಕ ತಾನಾಗೆ ಬರತೈತಿ" ಎನ್ನುತ್ತಿದ್ದರು.

ಎಂಬತ್ತನೇ ಇಸವಿಯ ಸುಮಾರಿಗೆ ತಪಾಸಣೆಗೆ ಬಂದ ಸಾಹೇಬರು ಬಾಗಿಲಲ್ಲೇ ಮುಖ ಗಂಟಿಕ್ಕಿದರು. "ಏನ್ರಿ ಮಾಸ್ತರ, ಇದು ಸಾಲಿನೋ, ಭಜನಿ ಗುಡಿನೋ?" ಎಂದವರೇ ನನ್ನ ಪಕ್ಕದ ಗೆಳತಿಯನ್ನು ಎಬ್ಬಿಸಿ, "ಎಂಟ ಏಳ್ಲೆ ಎಷ್ಟು? ಹಾಡಬ್ಯಾಡ, ಹೇಳು" ಎಂದರು. ಅವಳು ಮಾಸ್ತರರ ಕಡೆ ನೋಡಿದಳು. ಮಾಸ್ತರರ ಬೆರಳು ಧೋತರದ ಮೇಲೆ ಮೆಲ್ಲಗೆ ತಾಳ ಹಾಕಿತು.

"ಐವತ್ತಾರ್ರಿ" ಎಂದಳು.

"ನನ್ನ ಕಣ್ಣಮುಂದ ಬೆರಳಾಡಿಸಿ ಹೇಳಿಕೊಡ್ತೀರೇನ್ರಿ?" ಸಾಹೇಬರು ದಮ್ಮಡಿಯನ್ನು ಕಪಾಟಿಗೆ ಹಾಕಿಸಿ ಕೀಲಿ ಜಡಿಸಿದರು. ಬರೀ ತಾಳದಲ್ಲಿ ಉತ್ತರ ಎಲ್ಲಿತ್ತು? ಅಷ್ಟೂ ತಿಳಿಯದವರು ನಮ್ಮ ಶಾಲೆಯ ತಪಾಸಣೆ ಮಾಡಿದರು! ನೆನೆದರೆ ಈಗಲೂ ಮೈ ಉರಿಯುತ್ತದೆ.

ಮುಂದಿನ ವರ್ಷ ಅದೇ ಸಾಹೇಬರು ಬರುವಾಗ ಸ್ವಾಗತಕ್ಕೆ ಹಾಡು ಇರಲಿ ಎಂದು ಹೇಳಿ ಕಳಿಸಿದರು. ಆಗ ಹಾಡು ಬೇಕಾಯಿತು, ನೋಡಿ! ಮಾಸ್ತರರು ಕಪಾಟು ತೆರೆಸಿ, ದಮ್ಮಡಿಯ ಧೂಳು ಒರೆಸಿ, ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಸಾಹೇಬರ ಕೊರಳಿಗೆ ಹಾರ ಬೀಳುತ್ತಿದ್ದಂತೆ ನಾವು ಎಂಟರ ಮಗ್ಗಿಯನ್ನು ಎತ್ತಿಕೊಂಡೆವು. ಎಂಟೊಂದ್ಲೆ ಎಂಟರಿಂದ ಎಂಬತ್ತರವರೆಗೂ ಅವರು ಕೈಮುಗಿದು ನಿಂತೇ ಕೇಳಬೇಕಾಯಿತು.