ನಾಲ್ಕು ಬೆರಳು ಎತ್ತರ

ಅಥವಾ ಆ ಸದ್ದು ಮುಂದಿನ ಎಡ ಚಕ್ರದ್ದೇ ಆಗಿರಲಿಲ್ಲವೇನೋ. ಎಡಗಡೆ ಅವಳು ಒರಗಿಕೊಂಡಿದ್ದಳು ಎಂಬ ಕಾರಣಕ್ಕೆ ನನ್ನ ಕಿವಿ ಆಮೇಲೆ ಅದನ್ನು ಎಡಕ್ಕೆ ತಳ್ಳಿರಬಹುದು. ಮಳೆ ಬಂದು ನಿಂತಿತ್ತು ಎಂದು ಬರೆಯಲು ಹೊರಟೆ. ಆದರೆ ವೈಪರ್ ಹಾಕಿದ ನೆನಪಿಲ್ಲ. ಗುಂಡಿಯಲ್ಲಿ ನೀರು ತುಂಬಿತ್ತು, ಅದಕ್ಕೇ ಆಳ ಕಾಣಲಿಲ್ಲ ಎಂದು ಆಮೇಲೆ ನಾನೇ ಯಾರಿಗೋ ಹೇಳಿದ್ದೆ. ನೀರಿದ್ದದ್ದಕ್ಕೆ ಹೇಳಿದೆನೋ, ಹೇಳಿದ ಮೇಲೆ ನೀರು ಬಂತೋ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ನನ್ನ ಹೆಂಡತಿಗೆ ಬೆನ್ನಿನ ಡಿಸ್ಕ್ ಆಪರೇಷನ್ ಆಗಿತ್ತು. ಜೆ.ಪಿ. ನಗರದ ಆಸ್ಪತ್ರೆಯಿಂದ ಚಿಕ್ಕಲಸಂದ್ರದ ಮನೆಗೆ ಅವಳನ್ನು ಕರೆತರುತ್ತಿದ್ದೆ. ಕಾರು ಒಂದು ಮಗ್ಗುಲಿಗೆ ಧಡ್ ಎಂದು ಕುಸಿದು, ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬಂತು. ಅವಳ ಉಸಿರು ಒಮ್ಮೆಲೇ ಹೊರಬಿದ್ದದ್ದೂ ಕೇಳಿಸಿತು.

"ಏನಾಯ್ತು?" ಅಂದೆ.

"ಏನಿಲ್ಲ. ಓಡ್ಸು."

"ನೋವಾಯ್ತಾ?"

"ರೋಡ್ ನೋಡ್ಕೊಂಡು ಓಡ್ಸೋ. ನನ್ ಮುಖದಲ್ಲಿ ಗುಂಡಿ ಇಲ್ಲ."

ಕಾರು ಅವಳದು, ಮದುವೆಗೆ ಮುಂಚಿನದು. ಪುಟ್ಟ ಕಾರು. ಕೊಂಡ ಹೊಸದರಲ್ಲೇ ಸ್ಪ್ರಿಂಗುಗಳನ್ನು ಒಂದೊಂದು ಸುತ್ತು ಕತ್ತರಿಸಿ ಅದನ್ನು ನೆಲಕ್ಕೆ ಇಳಿಸಿದ್ದಳು. ರಸ್ತೆಗೆ ಅಂಟಿಕೊಂಡಂತೆ ಹೋಗುವ ಆ ಕಾರನ್ನು ಕಂಡರೆ ನನಗೂ ಇಷ್ಟವಿತ್ತು, ಓಡಿಸುವವಳು ಅವಳಾಗಿದ್ದಷ್ಟು ದಿನ. ಸ್ಪ್ರಿಂಗು ಕಾರಿನ ಭಾರ ಹೊರುತ್ತದೆ, ಶಾಕ್ ಅಬ್ಸಾರ್ಬರ್ ಅದು ಕುಣಿಯದಂತೆ ಹಿಡಿಯುತ್ತದೆ, ಮುಂದಿನ ಚಕ್ರಗಳಲ್ಲಿ ಅವೆರಡೂ ಸೇರಿ ಒಂದು ಕಂಬದ ಹಾಗಿರುತ್ತವೆ, ಅದಕ್ಕೆ ಸ್ಟ್ರಟ್ ಅನ್ನುತ್ತಾರೆ ಎಂಬುದನ್ನೆಲ್ಲ ನನಗೆ ಕಲಿಸಿದವಳು ಅವಳೇ. ಕತ್ತರಿಸಿದ್ದು ಸ್ಪ್ರಿಂಗನ್ನು ಮಾತ್ರ, ಶಾಕ್ಸ್ ಹಳೆಯ ಉದ್ದದವೇ ಇದ್ದವು. ಹಾಗಾಗಿ ಅವು ಯಾವಾಗಲೂ ಅರ್ಧ ಅದುಮಿಕೊಂಡೇ ಕೂತಿರುತ್ತಿದ್ದವು. ಇನ್ನರ್ಧದಲ್ಲಿ ಬೆಂಗಳೂರಿನ ರಸ್ತೆಯನ್ನೆಲ್ಲ ತಾಳಿಕೊಳ್ಳಬೇಕಿತ್ತು.

ಅದಕ್ಕೇ ಆ ಕಾರಿಗೆ ಒಂದು ಪದ್ಧತಿ ಇತ್ತು. ದೊಡ್ಡ ಹಂಪ್ ಬಂದರೆ ಓಡಿಸುವವರನ್ನು ಬಿಟ್ಟು ಎಲ್ಲರೂ ಇಳಿಯಬೇಕು. ಹಗುರಾದ ಕಾರು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿಕೊಂಡು ದಾಟುತ್ತದೆ. ಇಳಿದವರು ಆಚೆ ನಡೆದುಹೋಗಿ ಮತ್ತೆ ಹತ್ತುತ್ತಾರೆ. ನಮ್ಮ ಬೀದಿಯ ತಿರುವಿನಲ್ಲಿರುವ ಹಂಪು ಬೀದಿಯವರೇ ಸಿಮೆಂಟ್ ತರಿಸಿ ಹಾಕಿದ್ದು, ಬೈಕುಗಳ ಹಾವಳಿ ತಾಳಲಾರದೆ. ಅಳತೆಗಿಳತೆ ಇಲ್ಲ, ದೊಡ್ಡ ಕೊಳವೆಯೊಂದನ್ನು ಅಡ್ಡ ಮಲಗಿಸಿ ಮೆತ್ತಿದ ಹಾಗಿದೆ. ಅಲ್ಲಿ ಇಳಿಯುವುದಕ್ಕೆ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಕಾರು ನಿಂತರೆ ಕೈ ತಾನಾಗಿ ಬಾಗಿಲಿಗೆ ಹೋಗುತ್ತಿತ್ತು. ಆಡುತ್ತಿದ್ದ ಮಾತೂ ನಿಲ್ಲುತ್ತಿರಲಿಲ್ಲ. ಎದುರುಮನೆಯ ಆಂಟಿ ಗೇಟಿಗೆ ಒರಗಿ ನೋಡುತ್ತಿದ್ದರು. "ಇವತ್ತೂ ಇಳಿದ್ರಾ? ಕಾರನ್ನೇ ಎತ್ಕೊಂಡ್ ಬಂದ್ಬಿಡಿ, ಸುಲಭ."

ಆಸ್ಪತ್ರೆಯಿಂದ ಬಂದ ದಿನ ಹಂಪಿನ ಈಚೆಯೇ ಕಾರು ನಿಲ್ಲಿಸಿ, ಎದ್ದು ನಿಲ್ಲಲು ಅವಳಿಗೆ ಎರಡೂ ಕೈ ಕೊಟ್ಟು, ಮೆಲ್ಲಗೆ ನಡೆಸಿಕೊಂಡು ಹೋದೆ. ಬಗ್ಗಬಾರದು, ಸೊಂಟ ತಿರುಚಬಾರದು, ಜರ್ಕ್ ಆಗಬಾರದು ಎಂದು ಡಾಕ್ಟರು ಹೇಳಿದ್ದರು. ಮೊದಲ ಎರಡು ಅವಳ ಕೈಯಲ್ಲಿದ್ದವು. ಮೂರನೆಯದು ನನ್ನ ಕೈಗೆ ಬಂದಿತ್ತು. ಮುಂದಿನ ವಾರದಿಂದ ಫಿಸಿಯೋಥೆರಪಿಗೆ ಹೋಗಿಬರುವುದಿತ್ತು.

ಕ್ಯಾಬ್ ಮಾಡಿ ನೋಡಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಹೊಲಿಗೆ ತೋರಿಸಲು ಒಮ್ಮೆ ಮಾಡಿ ನೋಡಿದೆವು. ಡ್ರೈವರ್ "ನಿಧಾನಕ್ಕೇ ಹೋಗ್ತೀನಿ ಸಾರ್, ನಂಗೂ ಅಕ್ಕ ಇದಾಳೆ" ಎಂದವರು ಕನಕಪುರ ರಸ್ತೆಗೆ ಬಿದ್ದ ಮೇಲೆ ಆ ಅಕ್ಕನನ್ನು ಮರೆತರು. ಆಟೋದ ವಿಷಯ ಹೇಳಬೇಕಾಗಿಲ್ಲ. ನಮ್ಮ ಕಾರಿನಲ್ಲಾದರೆ ಸೀಟನ್ನು ಹೇಗೆ ಒರಗಿಸಬೇಕು, ದಿಂಬು ಎಲ್ಲಿಡಬೇಕು ಎಂಬುದು ಗೊತ್ತಿತ್ತು, ಮತ್ತು ಬ್ರೇಕು ನನ್ನ ಕಾಲಡಿ ಇರುತ್ತಿತ್ತು. ಭಯಪಡುವವನಿಗೆ ಬ್ರೇಕು ತನ್ನ ಕಾಲಡಿಯೇ ಇರಬೇಕು.

ಆಸ್ಪತ್ರೆಯಿಂದ ಬಂದ ಮರುದಿನ ಅವಳು ಮಂಚದ ಮೇಲಿಂದಲೇ ಹೇಳಿಕೊಟ್ಟ ಪರೀಕ್ಷೆ ಮಾಡಿದೆ. ಕಾರಿನ ಒಂದೊಂದು ಮೂಲೆಯನ್ನೂ ಕೈಯಿಂದ ಅದುಮಿ ಬಿಡಬೇಕು. ಶಾಕ್ಸ್ ಸರಿಯಿದ್ದರೆ ಕಾರು ಒಮ್ಮೆ ಎದ್ದು ಸುಮ್ಮನಾಗುತ್ತದೆ. ನಮ್ಮದು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಒಳಗೆ ಬಂದು ಹೇಳಿದೆ.

"ಎಷ್ಟ್ ಸಲ ಕುಣೀತು?"

"ಎಣಿಸ್ಲಿಲ್ಲ. ನಿಲ್ಲೋ ಅಷ್ಟೊತ್ತಿಗೆ ಭಯ ಆಯ್ತು."

"ನಿಂಗೆ ಕುಕ್ಕರ್ ವಿಷಲ್ ಹೊಡೆದ್ರೂ ಭಯ ಆಗುತ್ತೆ," ಎಂದು ನಗಲು ಹೋಗಿ, ನಗು ಬೆನ್ನಿಗೆ ಹೋಗಿ ತಾಗಿದ್ದರಿಂದ ಅರ್ಧಕ್ಕೆ ನಿಲ್ಲಿಸಿದಳು. ಆಗ ಅವಳ ಮುಖದಲ್ಲೂ ಭಯ ಕಂಡೆ. ಕಂಡೆ ಎಂದು ಬರೆದೆ; ನನ್ನದನ್ನೇ ಅಲ್ಲಿ ನೋಡಿದೆನೇನೋ.

ಜರಗನಹಳ್ಳಿಯ ಗ್ಯಾರೇಜಿನಲ್ಲಿ ಕಾರನ್ನು ಜ್ಯಾಕ್ ಹಾಕಿ ಎತ್ತಿದರು. ಮೆಕ್ಯಾನಿಕ್ ನಡುವಯಸ್ಸಿನವರು, ಬಾಯಲ್ಲಿ ಯಾವಾಗಲೂ ಲವಂಗ. ಚಕ್ರ ಬಿಚ್ಚಿದಾಗ ಶಾಕ್ ಅಬ್ಸಾರ್ಬರಿನ ಮೈಯೆಲ್ಲ ಎಣ್ಣೆ ಸೋರಿ, ಅದಕ್ಕೆ ದೂಳು ಮೆತ್ತಿ ಕಪ್ಪಗಾಗಿತ್ತು. ಅವರು ಸ್ಪ್ರಿಂಗಿಗೆ ಎರಡು ಬೆರಳು ಹಚ್ಚಿ ತಿರುಗಿಸಿದರು. ಅದು ತಿರುಗಿತು.

"ನೋಡಿ ಸಾರ್. ಬಳೆ ಥರ ಲೂಸು. ಕಟ್ ಮಾಡ್ಸಿದಾರಲ್ಲ, ಗಾಡಿ ಎತ್ತಿದ್ರೆ ಅದು ತನ್ ಜಾಗದಲ್ಲಿ ಕೂರಲ್ಲ."

"ಓಡೋವಾಗ ಕಳಚಿಕೊಂಡ್ರೆ?"

"ನೆಲದ್ ಮೇಲಿದ್ರೆ ಕಳಚ್ಕೊಳಲ್ಲ. ಹಾರ್ಸಿದ್ರೆ ಹೇಳಕ್ಕಾಗಲ್ಲ."

"ಹೇಳಕ್ಕಾಗಲ್ಲ ಅಂದ್ರೆ?"

"ಹಾರ್ಸ್ಬೇಡಿ ಸಾರ್, ಅಷ್ಟೆ."

ಆಮೇಲೆ ಅವರು ಒಳಗಿನಿಂದ ಒಂದು ರಬ್ಬರ್ ಚೂರನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಶಾಕ್ ಪೂರ್ತಿ ಅದುಮಿದಾಗ ಕಬ್ಬಿಣಕ್ಕೆ ಕಬ್ಬಿಣ ತಾಗದಿರಲೆಂದು ನಡುವೆ ಇರುವ ಮೆತ್ತೆಯಂತೆ. ಅದು ಹಳೆಯ ರಸ್ಕಿನ ಹಾಗೆ ಪುಡಿಯಾಯಿತು. ಆಸ್ಪತ್ರೆಯಲ್ಲಿ ನೋಡಿದ ಅವಳ ಸ್ಕ್ಯಾನಿನ ಚಿತ್ರ ಕಣ್ಣಿಗೆ ಬಂತು, ಎರಡು ಮೂಳೆಯ ನಡುವೆ ತೆಳುವಾಗಿ ಹೊರಚಾಚಿದ ಆ ಕಪ್ಪು. ಇದು ತೀರಾ ಚೆನ್ನಾಗಿ ಹೊಂದುತ್ತದೆ, ಆದ್ದರಿಂದ ನನಗೆ ಇದರ ಮೇಲೆ ಅನುಮಾನವಿದೆ. ಬಹುಶಃ ಆ ಕ್ಷಣ ನಾನು ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಿದ್ದೆ, ಅಷ್ಟೆ. ಆದರೆ ಅವರು ನನ್ನ ಕಡೆ ನೋಡಿ, ಕೂರಲು ಸ್ಟೂಲ್ ಎಳೆದುಕೊಟ್ಟದ್ದು ಸುಳ್ಳಲ್ಲ.

ಅವರ ಸಲಹೆ ಸರಳ: ಕಂಪನಿ ಸ್ಪ್ರಿಂಗು, ಕಂಪನಿ ಶಾಕ್ಸು. "ಹೈಟ್ ಮೇಲ್ ಬರುತ್ತೆ. ಬರ್ಲಿ ಬಿಡಿ, ಏನ್ ರೇಸಿಗ್ ಹೋಗ್ತೀರಾ?" ಕತ್ತರಿಸಿದ ಸ್ಪ್ರಿಂಗನ್ನೇ ಇಟ್ಟು ಹೊಸ ಶಾಕ್ಸ್ ಮಾತ್ರ ಹಾಕಿದರೆ? "ಹಾಕಿ ನೋಡ್ಬೋದು. ಬೇಗ ಹೋಗುತ್ತೆ. ಹೋಗ್ದೇನೂ ಇರ್ಬೋದು."

ಹೋಗದೇನೂ ಇರಬಹುದು ಎಂಬ ಮಾತನ್ನು ಹಿಡಿದುಕೊಂಡು ನಾನು ನಿದ್ದೆ ಮಾಡುವಂತಿರಲಿಲ್ಲ. ಕುಮಾರಸ್ವಾಮಿ ಲೇಔಟಿನಲ್ಲಿ ಇಳಿಸಿದ ಕಾರುಗಳಿಗೆಂದೇ ಇದ್ದ ಅಂಗಡಿಗೆ ಹೋದೆ. ಅಲ್ಲಿನ ಯುವಕ ಗಿಡ್ಡ ಶಾಕ್ ಒಂದನ್ನು ಮಗುವನ್ನು ತೋರಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದ.

"ಸಖತ್ ಗಟ್ಟಿ ಗುರು. ಟರ್ನಿಂಗಲ್ಲಿ ಒಂಚೂರೂ ವಾಲಲ್ಲ."

"ಗುಂಡೀಲಿ?"

"ಗುಂಡೀಲಿ ಗೊತ್ತಾಗುತ್ತೆ."

"ಎಷ್ಟು ಗೊತ್ತಾಗುತ್ತೆ?"

ಅವನು ನನ್ನ ಮುಖ ನೋಡಿದ. "ಯಾರಿಗ್ ಸಾರ್ ಗಾಡಿ?" ಗುರು ಹೋಗಿ ಸಾರ್ ಆಗಿತ್ತು. ಆಪರೇಷನ್ನಿನ ವಿಷಯ ಹೇಳಿದೆ. ಅವನು ಶಾಕನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟ. ನಾನು ಅವಳಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಗಟ್ಟಿ ಬೇಡ," ಎಂದಳು ಅವಳು. "ಗಿಡ್ಡ ಶಾಕ್ಸ್ ಇರ್ಲಿ, ಅದಕ್ಕೆ ಅಂತ್ಲೇ ಮಾಡಿರೋ ಗಿಡ್ಡ ಸ್ಪ್ರಿಂಗ್ ಇರುತ್ತಲ್ಲ, ಅದು. ಮೆತ್ತಗಿರೋದು. ಸಿಗುತ್ತಾ?"

"ತರಿಸ್ಬೇಕು ಮೇಡಂ. ಟೈಮ್ ಆಗುತ್ತೆ. ಅಲ್ಲೀವರ್ಗೂ ಸಾರ್ ಬದುಕಿರ್ತಾರೋ ಇಲ್ವೋ, ಇಲ್ಲೇ ಬೆವೀತಾ ಇದಾರೆ."

ಅವಳು ನಕ್ಕಳು, ಅವನೂ ನಕ್ಕ. ನಾನು ಅವಳ ನಗು ಪೂರ್ತಿಯಾಗಿ ಬಂತೇ, ಅರ್ಧಕ್ಕೆ ನಿಂತಿತೇ ಎಂದು ಕಿವಿಗೊಟ್ಟಿದ್ದೆ.

ಸಂಜೆ ವಾದವಾಯಿತು. ವಾದ ಎಂದರೆ ಅವಳು ಸೂರಿಗೆ ಮುಖ ಮಾಡಿ ಮಲಗಿ ಮಾತಾಡುವುದು, ನಾನು ಮಂಚದ ಕಾಲಬಳಿ ನಿಲ್ಲುವುದು.

"ಕಂಪನಿದೇ ಹಾಕ್ಸ್ತೀನಿ," ಅಂದೆ.

"ಮೇಲ್ ಎದ್ದು ನಿಲ್ಲುತ್ತೆ. ಒಂಟೆ ಥರ."

"ನಿಲ್ಲಲಿ."

"ಅದು ನನ್ ಗಾಡಿ ಕಣೋ."

"ಬೆನ್ನೂ ನಿಂದೇ."

 ಆಮೇಲೆ, "ಬೆನ್ನು ಸರಿಯಾದ್ಮೇಲೆ ಮತ್ತೆ ಇಳಿಸ್ತೀನಿ," ಎಂದಳು. ಇಳಿಸು ಅಂದೆ. ಆ ಮಾತಿನ ಕ್ರಮ ಇದೇ ಎಂದು ಹೇಳಲಾರೆ. ಅವಳು ಈಗ ಅದನ್ನು ಬೇರೆ ರೀತಿ ಹೇಳುತ್ತಾಳೆ: ಕಂಪನಿದೇ ಹಾಕಿಸು ಎಂದು ಮೊದಲು ಅಂದವಳು ತಾನೇ ಅಂತೆ. ನನ್ನನ್ನು ಉಳಿಸಲು ಹಾಗೆ ಹೇಳುತ್ತಾಳೋ, ಅದೇ ನಿಜವೋ.

ಜರಗನಹಳ್ಳಿಯಲ್ಲಿ ಕೆಲಸ ನಡೆಯುವಾಗ ಹೊಸ ಸ್ಪ್ರಿಂಗನ್ನು ಎರಡು ಕ್ಲಾಂಪುಗಳ ನಡುವೆ ಬಿಗಿದು ಬಿಗಿದು ಕುಗ್ಗಿಸಿದರು. "ಆ ಕಡೆ ನಿಂತ್ಕೊಳಿ ಸಾರ್, ಜಾರಿದ್ರೆ ಹಲ್ಲು ಹೋಗುತ್ತೆ," ಎಂದರು ಮೆಕ್ಯಾನಿಕ್. ನಾನು ರಸ್ತೆಗೇ ಹೋಗಿ ನಿಂತೆ. ಮುಗಿದ ಮೇಲೆ ಮೂಲೆ ಮೂಲೆ ಅದುಮಿ ನೋಡಿದೆ. ಕಾರು ಒಮ್ಮೆ ಎದ್ದು ಸುಮ್ಮನಾಯಿತು. ಟೈರಿಗೂ ಮೇಲಿನ ಕಮಾನಿಗೂ ನಡುವೆ ಮೊದಲು ಒಂದು ಬೆರಳೂ ಹೋಗುತ್ತಿರಲಿಲ್ಲ. ಈಗ ನಾಲ್ಕೂ ಬೆರಳು ಸಲೀಸಾಗಿ ಹೋದವು. ಒಬ್ಬನೇ ಬನಶಂಕರಿಯವರೆಗೆ ಓಡಿಸಿಕೊಂಡು ಹೋಗಿ, ಸಿಕ್ಕ ಗುಂಡಿಗಳಿಗೆಲ್ಲ ಬೇಕೆಂದೇ ಇಳಿಸಿದೆ. ಎಲ್ಲೂ ಧಡ್ ಅನ್ನಲಿಲ್ಲ. ಎಷ್ಟೋ ದಿನದ ಮೇಲೆ ಹಸಿವಾಯಿತು.

ಮೊದಲ ಫಿಸಿಯೋಥೆರಪಿಗೆ ಹೊರಟ ಬೆಳಗ್ಗೆ ಅವಳು ಗೇಟಿನ ಹತ್ತಿರ ನಿಂತು ಕಾರನ್ನು ನೋಡಿ "ಅಯ್ಯೋ ಪಾಪ" ಅಂದಳು, ಅಷ್ಟೆ. ಕೈಹಿಡಿದು ಹತ್ತಿಸಿದೆ. ಮೊದಲಿನಷ್ಟು ಬಗ್ಗಬೇಕಾಗಿರಲಿಲ್ಲ, ಅದನ್ನು ಅವಳೇ ಹೇಳಿದಳು. ಬೀದಿಯ ಹಂಪನ್ನು ನಡಿಗೆಗಿಂತ ನಿಧಾನವಾಗಿ ದಾಟಿಸಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. "ದಾಟಿತಾ?" ಎಂದು ಕೇಳಿದಾಗ ಕಾರು ಆಚೆ ಬಂದಾಗಿತ್ತು.

ವಾಪಸು ಬರುವಾಗ ಮಾತಾಡುತ್ತಿದ್ದೆವು. ಏನು ಎಂಬುದು ನೆನಪಿಲ್ಲ. ಫಿಸಿಯೋಥೆರಪಿಯ ಹುಡುಗಿಯ ಬಗ್ಗೆ ಎಂದು ಅವಳು ಹೇಳುತ್ತಾಳೆ. ಭಯ ಸ್ವಲ್ಪ ಸಡಿಲವಾಗಿತ್ತು, ಅದೊಂದು ನೆನಪಿದೆ. ಹಂಪು ಬಂತು. ನಾನು ನಿಲ್ಲಿಸಿದೆ. ನಿಲ್ಲಿಸಬೇಕಾಗಿರಲಿಲ್ಲ. ಇಷ್ಟು ವರ್ಷ ಅಲ್ಲಿ ನಿಲ್ಲಿಸಿದ ಕಾಲು ನಿಲ್ಲಿಸಿತು. ಅವಳ ಕೈ ಬಾಗಿಲಿಗೆ ಹೋಯಿತು. ಮಾತಿನ ನಡುವೆಯೇ ಬಾಗಿಲು ತೆಗೆದು, ಹಿಂದೆ ಮಾಡುತ್ತಿದ್ದ ಹಾಗೆ ಎಡಗಾಲನ್ನು ಹೊರಗಿಟ್ಟಳು. ನೆಲ ಅವಳ ಕಾಲಿಗೆ ಅಭ್ಯಾಸವಿದ್ದ ಜಾಗದಲ್ಲಿರಲಿಲ್ಲ. ನಾಲ್ಕು ಬೆರಳು ಕೆಳಗಿತ್ತು.

ಬೀಳಲಿಲ್ಲ. ಬಾಗಿಲನ್ನು ಹಿಡಿದುಕೊಂಡಳು. ಕಾಲು ಧಪ್ ಎಂದು ಊರಿದ್ದನ್ನು ಕೇಳಿದೆನೋ, ಅವಳ ಭುಜ ಒಮ್ಮೆ ಕೆಳಗಿಳಿದು ಎದ್ದದ್ದನ್ನು ನೋಡಿ ಸದ್ದನ್ನು ನಾನೇ ಸೇರಿಸಿಕೊಂಡೆನೋ. ನಾನು ಸುತ್ತಿ ಓಡಿ ಬರುವಷ್ಟರಲ್ಲಿ ನೆಟ್ಟಗೆ ನಿಂತಿದ್ದಳು.

"ಯಾಕೆ ಇಳಿದೆ?"

"ಯಾಕೆ ನಿಲ್ಲಿಸ್ದೆ?"

ಇಬ್ಬರಿಗೂ ಉತ್ತರ ಗೊತ್ತಿತ್ತು. ಎದುರುಮನೆಯ ಆಂಟಿ ಗೇಟಿನಿಂದ, "ಹೊಸ ಶಾಕಪ್ ಹಾಕ್ಸಿದ್ರಂತೆ, ಆದ್ರೂ ಇಳೀತೀರಲ್ರೀ," ಎಂದರು. ಅವಳು ಅವರ ಕಡೆ ನೋಡಿ ನಕ್ಕು, ನನ್ನ ತೋಳನ್ನು ಹಿಡಿದುಕೊಂಡಳು. ಹಿಡಿತ ಬಿಗಿಯಾಗಿತ್ತು. ಮನೆಯವರೆಗೆ ನಡೆದೇ ಹೋದೆವು. ಕಾರು ಹಂಪಿನ ಮುಂದೆ ಬಾಗಿಲು ತೆರೆದುಕೊಂಡೇ ಇತ್ತು.

ಒಂದೆರಡು ದಿನವಾದ ಮೇಲೆ, ಎಡಗಾಲಿನ ಕಿರುಬೆರಳ ಹತ್ತಿರ ಜುಮ್ಮೆನ್ನುತ್ತದೆ ಎಂದಳು. ಯಾವಾಗಿನಿಂದ ಎಂದು ಕೇಳಿದೆ. "ಮೊದಲಿಂದ್ಲೂ ಸ್ವಲ್ಪ ಇತ್ತು ಅನ್ಸುತ್ತೆ," ಎಂದಳು. ಮೊದಲು ಎಂದರೆ ಆಪರೇಷನ್ನಿಗೆ ಮೊದಲೋ, ಆ ಗುಂಡಿಗೆ ಮೊದಲೋ, ಹಂಪಿನ ಮುಂದೆ ಇಳಿದದ್ದಕ್ಕೆ ಮೊದಲೋ ಎಂದು ಕೇಳಲು ಧೈರ್ಯ ಸಾಲಲಿಲ್ಲ. ಮರುದಿನ ಕೇಳಿದೆ. "ನಂಗೂ ಗೊತ್ತಾಗ್ತಿಲ್ಲ ಕಣೋ, ನೀನ್ ಕೇಳ್ದಷ್ಟೂ ಎಲ್ಲಾ ಕಲಸಿ ಹೋಗುತ್ತೆ," ಎಂದಳು.

ಡಾಕ್ಟರು ಪಾದವನ್ನು ಪಿನ್ನಿನಿಂದ ಚುಚ್ಚಿ, ಬೆರಳು ಮಡಿಸಿ ನೋಡಿದರು. ನರ ಗುಣವಾಗುವಾಗಲೂ ಹೀಗಾಗಬಹುದು, ಪೆಟ್ಟಾದರೂ ಹೀಗಾಗಬಹುದು, ಸ್ಕ್ಯಾನಿನಲ್ಲಿ ಹೊಸದೇನೂ ಕಾಣುತ್ತಿಲ್ಲ, ಕಾದು ನೋಡೋಣ ಎಂದರು. ಕಾಯುತ್ತಿದ್ದೇವೆ. ಅವಳು ಈಗ ಮನೆಯೊಳಗೆ ಚೆನ್ನಾಗಿಯೇ ಓಡಾಡುತ್ತಾಳೆ. ಮೆಟ್ಟಿಲಿಳಿಯುವಾಗ ಮಾತ್ರ ಎಡಗಾಲನ್ನು ನೋಡಿಕೊಂಡು ಇಡುತ್ತಾಳೆ. ಅವಳು ಹೇಳಿದ ಮೆತ್ತಗಿನ ಗಿಡ್ಡ ಸ್ಪ್ರಿಂಗು ಬರುವವರೆಗೆ ಕತ್ತರಿಸಿದ ಸ್ಪ್ರಿಂಗಿನ ಮೇಲೆಯೇ ಓಡಿಸುತ್ತ ಕಾದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಆ ಜುಮ್ಮು ಯಾವ ದಿನ ಬಂದದ್ದು ಎಂಬುದೂ ಗೊತ್ತಿಲ್ಲ. ಹೋಗುತ್ತದೆಯೇ ಎಂಬುದೂ ಗೊತ್ತಿಲ್ಲ.