ಲಗಮಣ್ಣನ ತೊಂಬತ್ತೆಂಟು

ಐಗಳಿಯ ದ್ರಾಕ್ಷಿ ತೋಟದ ಲಗಮಣ್ಣನಿಗೆ ಹೃದಯದ ಕಾಯಿಲೆ ಹತ್ತಿದ ಮೇಲೆ, ಬೆರಳಿಗೆ ಕಚ್ಚಿಸಿದರೆ ಮೈಯ ಆಕ್ಸಿಜನ್ ಎಷ್ಟೆಂದು ನೇರ ಅಥಣಿಯ ದವಾಖಾನೆಗೆ ತಿಳಿಸುವ ಪುಟ್ಟ ಯಂತ್ರವೊಂದು ಮನೆಗೆ ಬಂತು. ಅವನು ಅದನ್ನು ಬೀಗರಂತೆ ಉಪಚರಿಸುತ್ತಾನೆ. ಕೈಕಾಲು ತೊಳೆದು, ಬಿಳಿ ಟೋಪಿ ಇಟ್ಟುಕೊಂಡೇ ಅದರ ಮುಂದೆ ಕೂರುವುದು. "ಡಾಕ್ಟರ್ ಅಲ್ಲಿಂದ ನೋಡ್ತಿರ್ತಾರ, ಬರಿತಲಿಲೆ ಕುಂಡ್ರಬಾರ್ದು." ಒಮ್ಮೆ ಅಂಕಿ ಎಂಬತ್ತೊಂಬತ್ತಕ್ಕೆ ಇಳಿದು ನರ್ಸ್ ದೀಪಾಲಿ ಫೋನಿನಲ್ಲಿ ಗದರಿದಾಗ, ಮನೆತನದ ಮರ್ಯಾದೆಯೇ ಹೋದಂತೆ ಮೂರು ದಿನ ಕಟ್ಟೆಗೆ ಹೋಗಲಿಲ್ಲ. ನಾಲ್ಕನೆಯ ದಿನದಿಂದ ಹೆಂಡತಿ ಗಿರಿಜವ್ವನನ್ನು ಒಲೆಯ ಮುಂದಿನಿಂದ ಕರೆದು, ಅವಳ ಹಿಟ್ಟಿನ ಬೆರಳನ್ನು ತನ್ನ ಧೋತರಕ್ಕೆ ಒರೆಸಿ ಯಂತ್ರಕ್ಕೆ ಕೊಡತೊಡಗಿದ. ದಿನಾ ತೊಂಬತ್ತೆಂಟು! ದೀಪಾಲಿ "ಭಾರೀ ಐತ್ರಿ ಕಾಕಾ" ಎಂದರೆ ಇವನು ಮೀಸೆ ತೀಡುತ್ತ ಊರಿಗೆಲ್ಲ ಸಾರುತ್ತಾನೆ. ಅದೇನು ಯಂತ್ರವೆಂದು ಗಿರಿಜವ್ವ ಒಂದು ದಿನವೂ ಕೇಳಿದವಳಲ್ಲ. ಇವತ್ತು ಮುಂಜಾನೆ ದೀಪಾಲಿಯೇ ಗಾಬರಿಯಿಂದ ಫೋನು ಮಾಡಿದಳು: "ಕಾಕಾ, ನಿಮ್ಮ ಆಕ್ಸಿಜನ್ ಎಪ್ಪತ್ತೊಂಬತ್ತಕ್ಕ ಬಂದೈತ್ರಿ, ಲಗೂನ ಬರ್ರಿ." ಲಗಮಣ್ಣ ತಿರುಗಿ ನೋಡಿದ. ಬೆರಳನ್ನು ಯಂತ್ರದಲ್ಲಿಟ್ಟುಕೊಂಡೇ ಗಿರಿಜವ್ವ ಕಂಬಕ್ಕೆ ಒರಗಿ ತೇಕುತ್ತಿದ್ದಳು. "ಆತೇನ್ರಿ? ಹಂಚಿನ ಮ್ಯಾಲ ರೊಟ್ಟಿ ಐತಿ," ಎಂದಳು. ಲಗಮಣ್ಣ ತಲೆಯ ಮೇಲಿನ ಟೋಪಿ ತೆಗೆದು ಫೋನಿಗೆ ಹೇಳಿದ: "ಆ ಬೆರಳ ನಂದಲ್ಲವ್ವಾ."